ಕೊಬ್ಬರಿ ಅಟ್ಟದ ಕೆಳಗಿನ ಕಾರು

ಎರಡು ಬೇಸಿಗೆಗಳ ಹಿಂದಿನ ಮಾತು. ಆಗ ನಾನು ಹೊಸದುರ್ಗದಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ಅದು ನನ್ನ ಸೇವೆಯ ಕೊನೆಯ ವರ್ಷ. ನಾನು ಚಿತ್ರದುರ್ಗದ ಪೇಟೆಯವನು. ನಮ್ಮ ತಾತ ಮುತ್ತಾತಂದಿರು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಯೇ ಬದುಕಿದವರು. ಕೆಂಡದ ಮುಂದೆ ಹುಟ್ಟಿ ಬೆಳೆದವನಿಗೆ ಬೆಂಕಿಯ ಗುಟ್ಟು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಹುಡುಗರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹಿರಿಯೂರಿನಲ್ಲಿದ್ದಾಗ ಐಮಂಗಲದ ಹೈವೇಯಲ್ಲಿ ಉರಿಯುವ ಲಾರಿಗಳನ್ನು ಆರಿಸಿದ್ದೆ, ಹೊಳಲ್ಕೆರೆಯಲ್ಲಿದ್ದಾಗ ಹುಲ್ಲಿನ ಬಣವೆಗಳನ್ನು, ಹೊಸದುರ್ಗಕ್ಕೆ ಬಂದ ಮೇಲೆ ತೆಂಗಿನ ನಾರಿನ ಶೆಡ್ಡುಗಳನ್ನು. ಆದರೆ ಆ ದಿನ ಮತ್ತೋಡಿನ ಕಡೆಯ ಹಳ್ಳಿಯೊಂದರಲ್ಲಿ ಕಂಡ ಬೆಂಕಿಯ ಮುಂದೆ ನನ್ನ ಜಂಬವೆಲ್ಲ ನೀರಾಯಿತು.

ಮೊದಲು ಕೊಬ್ಬರಿ ಅಟ್ಟ ಎಂದರೇನು ಎಂದು ಹೇಳಿಬಿಡುತ್ತೇನೆ. ಹೊಸದುರ್ಗದ ಕಡೆ ತೆಂಗಿನಕಾಯಿಯನ್ನು ಕಿತ್ತ ತಕ್ಷಣ ಮಾರುವವರು ಕಡಿಮೆ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಕೊಬ್ಬರಿ ಗಿಟುಕಾಗುತ್ತದೆ. ಗಾಳಿ ಆಡಲಿ ಎಂದು ಅಟ್ಟದ ನೆಲಕ್ಕೆ ಹಲಗೆ ಹೊಡೆಯುವುದಿಲ್ಲ, ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಹಾಸುತ್ತಾರೆ. ಅಟ್ಟದ ಕೆಳಗೆ ಸದಾ ಕತ್ತಲು, ಸದಾ ತಂಪು. ಅಲ್ಲಿ ದನ ಕಟ್ಟುತ್ತಾರೆ, ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಒಂದು ಕಿಡಿ ಮೇಲಕ್ಕೆ ಹೋದರೆ ಏನಾಗುತ್ತದೆ? ಒಣಗಿದ ಸಿಪ್ಪೆ, ಚಿಪ್ಪು, ಎಣ್ಣೆ ತುಂಬಿದ ಕೊಬ್ಬರಿ. ಅದನ್ನು ನೆನೆದರೆ ನಮ್ಮ ಇಲಾಖೆಯವರಿಗೆ ಊಟ ಇಳಿಯುವುದಿಲ್ಲ.

ಆ ಹಳ್ಳಿಯಲ್ಲಿ ನಾಗರತ್ನ ಎಂಬ ಹೈಸ್ಕೂಲು ಶಿಕ್ಷಕಿ ಇದ್ದರು. ಗಂಡನಿಗೆ ಹೊಳಲ್ಕೆರೆಯಲ್ಲಿ ಸರ್ಕಾರಿ ನೌಕರಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಗಂಡನ ಅಣ್ಣ ಓಂಕಾರಪ್ಪನವರದ್ದೇ ಮನೆಯ ಯಜಮಾನಿಕೆ. ನಾಗರತ್ನ ಶಾಲೆಗೆ ಓಡಾಡಲು ಎಲೆಕ್ಟ್ರಿಕ್ ಕಾರು ತಂದಿದ್ದರು. ಆ ಹೋಬಳಿಗೆಲ್ಲ ಅದೇ ಮೊದಲನೆಯದು. 'ಬ್ಯಾಟರಿಗೆ ಬಿಸಿಲು ಆಗಿಬರಲ್ಲ, ತಂಪಿನಲ್ಲಿ ಇಡಬೇಕು' ಎಂದು ಯಾರೋ ಹೇಳಿದ್ದರಂತೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ಅಟ್ಟದ ಕೆಳಗು. ಟ್ರ್ಯಾಕ್ಟರನ್ನು ಬಯಲಿಗೆ ಓಡಿಸಿ ಕಾರಿಗೆ ಆ ಜಾಗ ಕೊಟ್ಟರು, ಚಾರ್ಜರನ್ನೂ ಅಲ್ಲೇ ಗೋಡೆಗೆ ಹಾಕಿಸಿದರು. ಹಸುವಿನ ಕರುವಿಗೆ ಮಾಡುವಷ್ಟೇ ಮುತುವರ್ಜಿಯಿಂದ ಮಾಡಿದ ಕೆಲಸ ಅದು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಠಾಣೆಗೆ ಫೋನು ಬಂತು. ಮಾತಾಡಿದ್ದು ನಾಗರತ್ನ. ಕಾರಿನಡಿಯಿಂದ ಹೊಗೆ ಬರುತ್ತಿದೆ, ಮೇಲೆ ಅಟ್ಟ ಇದೆ, ಅಟ್ಟದ ಮೇಲೆ ಭಾವ ಇದ್ದಾರೆ. ಈ ಮೂರನ್ನೂ ಒಂದೇ ಉಸಿರಿಗೆ ಹೇಳಿದರು. ಯಾವ ಕಾರು ಎಂದು ಕೇಳಿದೆ, ಎಲೆಕ್ಟ್ರಿಕ್ ಎಂದರು. ಎಲ್ಲರೂ ದೂರ ನಿಲ್ಲಲಿ, ಮನೆಯ ಮೇನ್ ತೆಗೆಯಲಿ ಎಂದು ಹೇಳಿ ಗಾಡಿ ಹತ್ತಿದೆ. ಹಿರಿಯೂರಿನಿಂದ ಇನ್ನೊಂದು ಗಾಡಿ ಕಳಿಸಿ ಎಂದು ದಾರಿಯಲ್ಲೇ ವೈರ್‌ಲೆಸ್ಸಿನಲ್ಲಿ ಕೇಳಿಕೊಂಡೆ.

ನಮ್ಮ ಚಾಲಕ ರಾಜಪ್ಪ ಸ್ಟೀರಿಂಗ್ ತಿರುಗಿಸುತ್ತಲೇ ಕೇಳಿದ: "ಒಂದು ಕಾರಿಗೆ ಎರಡು ಗಾಡಿ ಯಾಕ್ರಿ ಸಾಹೇಬ್ರೇ? ನಮ್ಮ ಟ್ಯಾಂಕಿನಾಗೆ ಅರ್ಧ ಸಾಕಲ್ಲ?"

ಪೆಟ್ರೋಲ್ ಕಾರಿಗಾದರೆ ಅವನ ಮಾತು ಸರಿ. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಡಿ ಹಾಸಿದಂತೆ ಒಂದು ಲೋಹದ ಪೆಟ್ಟಿಗೆ ಇರುತ್ತದೆ. ಅದೇ ಬ್ಯಾಟರಿ ಪ್ಯಾಕ್. ಒಳಗೆ ಸಾಲುಸಾಲಾಗಿ ಸೆಲ್‌ಗಳು. ಪೆಟ್ಟು ಬಿದ್ದೋ ಇನ್ನಾವ ಕಾರಣಕ್ಕೋ ಒಂದು ಸೆಲ್ ಒಳಗೊಳಗೇ ಶಾರ್ಟ್ ಆದರೆ ಅದು ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಪಟಾಕಿ ಸರಕ್ಕೆ ಕಡ್ಡಿ ಮುಟ್ಟಿಸಿದ ಹಾಗೆ. ಇದಕ್ಕೆ ಥರ್ಮಲ್ ರನ್‌ಅವೇ ಎನ್ನುತ್ತಾರೆ. ಬೆಂಕಿಗೆ ಉರಿಯುವ ವಸ್ತು, ಶಾಖ, ಗಾಳಿ ಮೂರೂ ಬೇಕು, ಒಂದನ್ನು ತೆಗೆದರೆ ಬೆಂಕಿ ಸತ್ತಿತು ಎಂದು ನಾನು ಶಾಲೆ ಶಾಲೆಗೆ ಹೋಗಿ ಪಾಠ ಮಾಡಿದವನು. ಈ ಬೆಂಕಿಗೆ ಹೊರಗಿನ ಗಾಳಿಯ ಹಂಗಿಲ್ಲ. ಮರಳು ಸುರಿದರೂ ಫೋಮ್ ಹೊದಿಸಿದರೂ ಒಳಗೆ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಅದಕ್ಕಿರುವ ಮದ್ದು ಒಂದೇ: ನೀರು ಹೊಯ್ದು ತಣಿಸುವುದು, ತಣಿಯುವ ತನಕ ಹೊಯ್ಯುತ್ತಲೇ ಇರುವುದು. ಬೆಂಗಳೂರಿನ ತರಬೇತಿಯಲ್ಲಿ ಇದನ್ನೆಲ್ಲ ಕೇಳಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಹಳ್ಳಿ ತಲುಪಿದಾಗ ಜ್ವಾಲೆ ಇರಲಿಲ್ಲ. ಅಟ್ಟದ ಕೆಳಗಿನಿಂದ ಬೆಳ್ಳನೆ ಹೊಗೆ ನೆಲ ಹಿಡಿದು ಹರಿಯುತ್ತಿತ್ತು. ಅಂಗಡಿಯ ಹಣ್ಣಿನ ಪೆಪ್ಪರ್‌ಮೆಂಟಿನಂಥ ಸಿಹಿ ವಾಸನೆ. ಅದು ವಿಷ, ಬೆಂಕಿ ಹತ್ತಿದರೆ ಸಿಡಿಯುವಂಥದ್ದು. ಒಳಗಿನಿಂದ ಪಟ್, ಪಟ್ ಎಂದು ಸದ್ದು. ಆ ಮನೆಯ ಅಟ್ಟಕ್ಕೆ ದಾಯಾದಿಗಳ ಅಟ್ಟ ಅಂಟಿಕೊಂಡಿತ್ತು, ಅದಕ್ಕೆ ಇನ್ನೊಬ್ಬರದು. ಕೇರಿಯ ಉದ್ದಕ್ಕೂ ಒಂದೇ ಹೆಂಚಿನ ಮಾಡು ಹೋದ ಹಾಗಿತ್ತು. ಅಟ್ಟಕ್ಕೆ ಏಣಿ ಇದ್ದದ್ದು ಒಳಗೆ, ಕಾರಿನ ಮಗ್ಗುಲಿಗೆ. ಆ ಹೊಗೆಯಲ್ಲಿ ಏಣಿ ಕಾಣುತ್ತಲೇ ಇರಲಿಲ್ಲ.

"ಕಾಯಿ ಇಳಿಸ್ತಿದ್ರು ಅಂತ ಕಾಣ್ತದೆ, ಸಿಕ್ಕಾಕ್ಕೊಂಡ್ರು," ಎಂದರು ಊರವರು. ನಾಗರತ್ನ ನನ್ನ ತೋಳನ್ನೇ ಹಿಡಿದುಕೊಂಡರು. "ಮೊದಲು ಭಾವನ್ನ ಇಳಿಸ್ರಿ ಸರ್. ಕಾರು ಸುಟ್ಟು ಹೋಗ್ಲಿ, ಮನೆ ಹೋಗ್ಲಿ, ಅವರನ್ನ ಇಳಿಸ್ರಿ."

ಮೇನ್ ತೆಗೆದಿದ್ದಾರಾ ಎಂದು ಕೂಗಿದೆ. ಯಾರಿಗೂ ಗೊತ್ತಿಲ್ಲ. ನಮ್ಮ ಫೈರ್‌ಮನ್ ಮಹಾಂತೇಶ ಮನೆಬಾಗಿಲ ಬೋರ್ಡು ನೋಡಿ ಬಂದು, ಫ್ಯೂಸುಗಳನ್ನು ಯಾರೋ ಕಿತ್ತಿದ್ದಾರೆ ಎಂದ. ಸದ್ಯ. ಕೂಡಲೇ ಕಾರಿನ ಕಡೆಗೂ ಮೇಲಿನ ದಬ್ಬೆಗಳ ಕಡೆಗೂ ನೀರು ಬಿಡಿಸಿದೆ. ಅಷ್ಟರಲ್ಲಿ ಅಕ್ಕಪಕ್ಕದವರು ನಮ್ಮನ್ನು ಕಾಯದೆ ಹಿಂಭಾಗದಿಂದ ಬಿದಿರೇಣಿ ಹಾಕಿ ಮಾಡು ಹತ್ತಿದ್ದರು. ಹೆಂಚು ಕಿತ್ತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಬ್ಬರ ಬಾಯಲ್ಲೂ ಗದ್ದಲವಿಲ್ಲ. ಸರ್ಕಾರ ಸಂಬಳ ಕೊಟ್ಟು ತಿಂಗಳುಗಟ್ಟಲೆ ಕವಾಯತು ಮಾಡಿಸಿದರೂ ಅಷ್ಟು ಚೊಕ್ಕವಾಗಿ ಕೆಲಸ ಬರುವುದಿಲ್ಲ, ನಿಜ ಹೇಳುತ್ತೇನೆ.

ಮಹಾಂತೇಶ ಉಸಿರಾಟದ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಆ ಕಿಂಡಿಯಿಂದ ಇಳಿದ. ನಾನೂ ಏಣಿಯ ತುದಿಗೆ ಹೋಗಿ ಒಳಗೆ ಟಾರ್ಚು ಬಿಟ್ಟೆ. ಓಂಕಾರಪ್ಪ ಮೂಲೆಯಲ್ಲಿ ಕಾಯಿರಾಶಿಯ ಮೇಲೆ ಬೋರಲಾಗಿ ಬಿದ್ದಿದ್ದರು, ಮೂಗುಬಾಯಿಗೆ ಒದ್ದೆ ಟವೆಲ್ಲು ಬಿಗಿದುಕೊಂಡಿದ್ದರು. ಉಸಿರಿತ್ತು. ಅವರನ್ನು ಹಗ್ಗ ಕಟ್ಟಿ ಮೇಲೆತ್ತುವಾಗ ನನ್ನ ಟಾರ್ಚಿನ ಬೆಳಕು ಅಟ್ಟದ ನಡುವಿಗೆ ಬಿತ್ತು. ಅಲ್ಲಿ ಕಾಯಿಯೇ ಇರಲಿಲ್ಲ! ಸುತ್ತ ಎದೆಮಟ್ಟ ಕಾಯಿ, ಕಾರಿನ ನೆತ್ತಿಯ ಮೇಲೆ ಮಾತ್ರ ಬರೀ ದಬ್ಬೆ. ಸಂದಿಯಿಂದ ಹೊಗೆ ಏಳುತ್ತಿತ್ತು, ಆದರೆ ಹತ್ತಿಕೊಳ್ಳಲು ಅಲ್ಲಿ ಒಂದು ನಾರೂ ಇರಲಿಲ್ಲ. ಅದನ್ನು ಯೋಚಿಸುತ್ತ ನಿಲ್ಲಲು ಆಗ ಪುರಸೊತ್ತು ಎಲ್ಲಿಯದು?

ಊರವರು ಕರೆಸಿದ್ದ ಆಂಬುಲೆನ್ಸಿಗೆ ಏರಿಸುವಾಗ ಓಂಕಾರಪ್ಪನವರ ಅಂಗಿ ಜೇಬಿನಿಂದ ಪಿಂಗಾಣಿಯ ಎರಡು ಫ್ಯೂಸು ಕೆಳಗೆ ಬಿದ್ದವು. ನಾಗರತ್ನ ಜೊತೆಗೆ ಹೊರಡಲು ಕಾಲಿಟ್ಟವರು, ಹಿಂದೆ 'ಧಡ್' ಎಂದು ಸದ್ದಾದದ್ದಕ್ಕೆ ತಿರುಗಿದರು. ಕಾರಿನಡಿಯಿಂದ ಮೊದಲ ಜ್ವಾಲೆ ಬಂದಿತ್ತು. ಅದು ಒಲೆಯ ಬೆಂಕಿಯಂತೆ ಮೇಲೆ ಏಳಲಿಲ್ಲ. ವೆಲ್ಡಿಂಗ್ ಗ್ಯಾಸಿನ ಬಾಯಿಯಂತೆ ಅಡ್ಡಡ್ಡಕ್ಕೆ, ನಾಲ್ಕೂ ಕಡೆ ಚಿಮ್ಮಿತು. ಬರಿಯ ದಬ್ಬೆಯಾದರೂ ಎಷ್ಟು ಹೊತ್ತು ತಡೆದೀತು? ಟ್ಯಾಂಕಿನ ನೀರು ಮುಗಿಯುತ್ತ ಬಂದಿತ್ತು. ಕಾರನ್ನು ಹೊರಗೆ ತರಲೇಬೇಕು.

ತರುವುದು ಹೇಗೆ? ಆ ಕಾರಿನ ಹ್ಯಾಂಡ್‌ಬ್ರೇಕೂ ಕರೆಂಟಿನದು; ಕರೆಂಟು ಸತ್ತ ಮೇಲೆ ಚಕ್ರ ಬಿಡುವುದಿಲ್ಲ. ತಳ್ಳಿದರೆ ಆಗದು, ನೆಲಕ್ಕೆ ಉಜ್ಜುತ್ತ ಎಳೆಯಬೇಕು. ಒಣಗಿದ ತೆಂಗಿನ ಮರ ಕೆಡವಲು ಕಟ್ಟುವ ಉದ್ದನೆಯ ಕಬ್ಬಿಣದ ರೋಪನ್ನು ಯಾರೋ ಹೊತ್ತು ತಂದರು. ಮಹಾಂತೇಶ ನೀರಿನ ಪರದೆಯ ಹಿಂದೆ ತೆವಳಿಕೊಂಡು ಹೋಗಿ ಹಿಂದಿನ ಚಕ್ರದ ಬುಡಕ್ಕೆ ಕೊಕ್ಕೆ ಸಿಕ್ಕಿಸಿ ಬಂದ. ಟ್ರ್ಯಾಕ್ಟರ್ ಇತ್ತು. ಓಡಿಸುವ ಓಂಕಾರಪ್ಪ ಆಂಬುಲೆನ್ಸಿನಲ್ಲಿ ಹೋಗಿದ್ದರು.

"ನಾನು ಓಡಿಸ್ತೀನಿ," ಎಂದರು ನಾಗರತ್ನ.

"ಮೇಡಂ, ಇದು ಸ್ಕೂಲಿಗೆ ಹೋದಂಗಲ್ಲ!" ಎಂದು ರೇಗಿದೆ. ರೇಗುವುದು ನನ್ನ ಹುಟ್ಟುಗುಣ.

"ನಮ್ಮಪ್ಪನ ಮನೇಲಿ ಟ್ರ್ಯಾಕ್ಟರ್ ಹೊಡೆದೇ ಕಾಲೇಜು ಓದಿದೀನಿ ಸರ್. ಕಾರು ನಂದು, ನಾನೇ ಎಳೀತೀನಿ." ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇಬಿಟ್ಟರು.

ಎದುರಿನ ಬಯಲು ಹೊಲದಲ್ಲಿ ಮಂದೆಗೆ ಮಂದೆ ಕುರಿ ಬಿಸಿಲಿಗೆ ಒಂದರ ಹೊಟ್ಟೆಗೆ ಒಂದು ತಲೆ ತೂರಿಸಿ ನಿಂತಿದ್ದವು. ಕುರಿಗಾರ ನಾಲಗೆಯಲ್ಲಿ ಏನೋ ಸದ್ದು ಮಾಡಿದ. ಅಷ್ಟೂ ಕುರಿ ಕಂಬಳಿ ಮಡಚಿದಂತೆ ಒಂದು ಬದಿಗೆ ಸರಿದವು. "ಜಾಗ ಬಿಟ್ಟೀನಿ, ಎಳೀರಿ ತಾಯೀ!" ಎಂದು ಕೂಗಿದ. ನಾಗರತ್ನ ಟ್ರ್ಯಾಕ್ಟರನ್ನು ಕುಲುಕಿಸದೆ, ರೋಪು ಹರಿಯದಂತೆ, ನಿಧಾನವಾಗಿ ಬಿಗಿ ಮಾಡುತ್ತ ಎಳೆದರು. ಟೈರು ಉರಿಯುತ್ತಿತ್ತು, ಕಾರು ಕಿರುಚುತ್ತ ಹೊರಗೆ ಬಂತು. ನಾವು ನೀರು ಹೊಡೆಯುತ್ತ ಹಿಂದೆ ಓಡಿದೆವು. ಆ ಹೆಣ್ಣುಮಗಳು ಒಂದು ಸಲವೂ ಹಿಂದೆ ತಿರುಗಿ ಗಾಬರಿಯಾಗಲಿಲ್ಲ. ಹೊಲದ ನಡುವೆ ರೋಪು ಕಳಚಿ ಟ್ರ್ಯಾಕ್ಟರನ್ನು ದೂರ ಒಯ್ದು ನಿಲ್ಲಿಸಿ, ಇಳಿದು, ಆಮೇಲೆ ನೆಲದ ಮೇಲೆ ಕುಸಿದು ಕೂತರು.

ಬಯಲಿನಲ್ಲಿ ಅದು ತನ್ನ ಪೂರ್ತಿ ರೂಪ ತೋರಿಸಿತು. ನಾನು ಬೆಂಕಿಯ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಆದರೂ ಬಾಯಿ ಬಿಟ್ಟುಕೊಂಡು ನಿಂತೆ. ಒಂದೊಂದು ಸೆಲ್ ಬಿರಿದಾಗಲೂ ಬಿಳಿ ನಾಲಗೆ ಚಾಚುತ್ತಿತ್ತು; ಹಗಲು ಬಿಸಿಲೇ ಮಂಕಾಯಿತೇನೋ ಅನ್ನಿಸುವ ಹಾಗೆ. ಅಲ್ಯೂಮಿನಿಯಂ ಕರಗಿ ಬೆಳ್ಳಿಯಂತೆ ಮಣ್ಣಿಗೆ ಹರಿಯಿತು. ಆ ಪೆಟ್ಟಿಗೆ ಮೊನ್ನೆ ತನಕ ಸದ್ದಿಲ್ಲದೆ, ಹೊಗೆಯಿಲ್ಲದೆ ಒಬ್ಬರು ಮೇಡಂ ಅವರನ್ನು ಶಾಲೆಗೆ ಕರೆದೊಯ್ದು ತರುತ್ತಿತ್ತು. ಅಷ್ಟು ಶಕ್ತಿ ಅದರೊಳಗೆ ತೆಪ್ಪಗೆ ಮಲಗಿತ್ತಲ್ಲ! ಮನುಷ್ಯ ಎಂಥದ್ದನ್ನು ಪಳಗಿಸಿ ಕಾಲಡಿಗೆ ಹಾಕಿಕೊಂಡಿದ್ದಾನೆ ಎಂದು ನೆನೆದು ಮೈ ಜುಮ್ಮೆಂದಿತು. ಊರಿನ ಅಜ್ಜಿಯೊಬ್ಬರು ಕೈ ಮುಗಿದೇಬಿಟ್ಟರು. ನನಗೆ ನಗು ಬರಲಿಲ್ಲ.

ಹಿರಿಯೂರಿನ ಗಾಡಿ ಬಂತು. ಹತ್ತಿರದ ಕೃಷಿ ಹೊಂಡಕ್ಕೆ ಪೈಪು ಇಳಿಸಿ ನೀರೆತ್ತಿದೆವು. ಬಹಳ ಹೊತ್ತಿನ ಮೇಲೆ ಉರಿ ಅಡಗಿತು, ಹೊಗೆ ನಿಂತಿತು, ಕರಕಲು ತಗಡಿನ ಗೂಡೊಂದು ಉಳಿಯಿತು. ಜನ "ಆರ್ತು, ಆರ್ತು" ಎಂದು ಹತ್ತಿರ ಸರಿಯತೊಡಗಿದರು. ನನಗೆ ರೇಗಿ ಹೋಯಿತು.

"ಒಬ್ಬನೂ ಗೆರೆ ದಾಟಬಾರದು! ಅದು ಸತ್ತಿಲ್ಲ, ಉಸಿರು ಹಿಡಿದು ಕೂತೈತೆ."

"ನೀರಾಗೆ ತೊಯ್ದು ತೊಪ್ಪೆ ಆಗೈತಲ್ರೀ ಸಾಹೇಬ್ರೇ," ಎಂದು ಒಬ್ಬಾತ ನಕ್ಕ. "ಇನ್ನೇನು ಉಳಿದೈತೆ ಅದ್ರಾಗೆ?"

ನಾನು ಲಾಠಿ ಹಿಡಿದ ಪೊಲೀಸನಂತೆ ಅಡ್ಡ ನಿಂತೆ. ಎಲ್ಲರೂ ಟೀ ಕುಡಿಯುತ್ತಿದ್ದ ಹೊತ್ತಿನಲ್ಲಿ, ಸುತ್ತ ಕೆಸರು ನೀರು ನಿಂತಿದ್ದ ಆ ಗೂಡಿನ ಹೊಟ್ಟೆಯಿಂದ ಮತ್ತೆ ಬುಸ್ ಎಂದು ಸದ್ದಾಯಿತು. ನೀರಿನ ನಡುವಿನಿಂದಲೇ ಆಳೆತ್ತರದ ಜ್ವಾಲೆ. ನಕ್ಕಿದ್ದವನ ಕೈಯಿಂದ ಟೀ ಲೋಟ ಜಾರಿತು. ಸುಡದೆ ಉಳಿದ ಸೆಲ್‌ಗಳಲ್ಲಿ ಚಾರ್ಜ್ ಇನ್ನೂ ಇರುತ್ತದೆ, ಗಂಟೆಗಳು ಕಳೆದ ಮೇಲೂ, ಕೆಲವೊಮ್ಮೆ ದಿನಗಳು ಕಳೆದ ಮೇಲೂ, ಅದು ಹೀಗೆ ಏಳಬಹುದು. ಮರುದಿನ ಸಂಜೆಯ ತನಕ ಆ ಗೂಡಿಗೆ ಕಾವಲಿಟ್ಟೆವು. ಕೇರಿಯಲ್ಲಿ ಒಂದು ಹೆಂಚೂ ಸುಡಲಿಲ್ಲ. ಆದರೆ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಓಂಕಾರಪ್ಪನವರು ಉಳಿಯುತ್ತಾರೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ.

ಮುಂದಿನ ದಿನಗಳಲ್ಲಿ ತನಿಖೆಗೆಂದು ಹೋದಾಗಲೆಲ್ಲ ಒಂದೇ ಗುಸುಗುಸು ಕಿವಿಗೆ ಬೀಳುತ್ತಿತ್ತು: ಆಯಮ್ಮ ಕಾರು ತರಲಿಲ್ಲ, ಕೊಳ್ಳಿ ತಂದಳು. ನಾಗರತ್ನ ನನ್ನ ಮುಂದೆ ಎಲ್ಲ ಹೇಳಿದ್ದರು. ಬೆಂಕಿಯ ಹಿಂದಿನ ವಾರ ಹೊಲದ ದಾರಿಯ ಮೋರಿ ಕಲ್ಲಿಗೆ ಕಾರಿನ ತಳ ಉಜ್ಜಿತ್ತು. ಪರದೆಯ ಮೇಲೆ ಎಚ್ಚರಿಕೆಯ ದೀಪ ಬಂದಿತ್ತು. ಕಂಪನಿಯ ಸರ್ವಿಸ್‌ನವರು ಓಡಿಸಬೇಡಿ, ಚಾರ್ಜಿಗೆ ಹಾಕಬೇಡಿ, ಬಂದು ಒಯ್ಯುತ್ತೇವೆ ಎಂದಿದ್ದರು. ಅವರು ಬರಲಿ ಎಂದು ಕಾಯುತ್ತ ನಾಗರತ್ನ ಬಸ್ಸಿನಲ್ಲೇ ಓಡಾಡಿದ್ದರು. ಬೆಂಕಿ ಹತ್ತಿದ ದಿನ ಶಾಲೆಗೆ ರಜೆ; ದೀಪ ತಾನಾಗಿ ಹೋಗಿದ್ದು ಕಂಡು, ಸರಿಹೋಯಿತು ಅಂದುಕೊಂಡು ಚಾರ್ಜಿಗೆ ಹಾಕಿದ್ದರು. "ನನ್ನಿಂದ ಭಾವ ಹೋದ್ರೆ ನಾನು ಆ ಮನೆ ಹೊಸಲು ಹೆಂಗೆ ತುಳೀಲಿ ಸರ್?" ಎಂದು ಕೇಳಿದ್ದರು.

ಓಂಕಾರಪ್ಪನವರಿಗೆ ಮಾತಾಡಲು ಡಾಕ್ಟರು ಬಿಟ್ಟ ದಿನ ಹೇಳಿಕೆ ಪಡೆಯಲು ಚಿತ್ರದುರ್ಗದ ಆಸ್ಪತ್ರೆಗೆ ಹೋದೆ. ಮಂಚದ ಕಾಲ ಬಳಿ ನಾಗರತ್ನ ನಿಂತಿದ್ದರು, ತಲೆ ಎತ್ತಿರಲಿಲ್ಲ. ಓಂಕಾರಪ್ಪನವರ ಗಂಟಲು ಒಡೆದ ಪೀಪಿಯಂತಾಗಿತ್ತು.

"ಕುಂತ್ಕಳ್ರಿ ಸಾಹೇಬ್ರೇ," ಎಂದರು.

"ಯಜಮಾನ್ರೇ, ಒಂದು ನನಗೆ ತಿಳೀಲಿಲ್ಲ," ಎಂದೆ. "ಫ್ಯೂಸು ನಿಮ್ಮ ಜೇಬಲ್ಲಿತ್ತು. ಫ್ಯೂಸ್ ಬೋರ್ಡು ಇರೋದು ಕೆಳಗೆ, ಮನೆಬಾಗಿಲಲ್ಲಿ. ಅಂದ್ರೆ ಹೊಗೆ ಬಂದಾಗ ನೀವು ಕೆಳಗೇ ಇದ್ರಿ. ಮೇಲೆ ಹೆಂಗೆ ಸಿಕ್ಕಿಬಿದ್ರಿ?"

"ಸಿಕ್ಕಿಬೀಳ್ಳಿಲ್ಲ. ಏಣಿ ಹತ್ತಿ ಹೋದೆ."

"ಹೊಗೆ ಬರ್ತಿದ್ದಾಗ?"

"ಹೊಗೆ ಬಂತು ಅಂತ್ಲೇ ಹೋಗಿದ್ದು. ಒಂದು ಕಾಯಿ ಹತ್ತಿದ್ರೆ ಕೇರಿಗೆ ಕೇರಿನೇ ಹೋಗ್ತಿತ್ತು. ಕಾರಿನ ಮ್ಯಾಲಿದ್ದ ಕಾಯಿನೆಲ್ಲ ಮೂಲೆಗೆ ತಳ್ಳಿದೆ. ಕೈಲಾದಷ್ಟು ತಳ್ಳಿದೆ. ಆಮ್ಯಾಕೆ ಏನೂ ಕಾಣಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ. ವರ್ಷದ ಕಾಯಿ, ಅದೆಷ್ಟೋ ಸಾವಿರ! ಆ ವಿಷದ ಹೊಗೆಯಲ್ಲಿ, ಒಂದು ಒದ್ದೆ ಟವೆಲ್ಲು ಕಟ್ಟಿಕೊಂಡು, ಬರಿಗೈಯಲ್ಲಿ. ನಾನು ಸಿಲಿಂಡರ್ ಇಲ್ಲದೆ ನನ್ನ ಹುಡುಗರನ್ನು ಅಲ್ಲಿಗೆ ಅರೆನಿಮಿಷವೂ ಬಿಡುತ್ತಿರಲಿಲ್ಲ.

ಅವರು ಉಸಿರು ಎಳೆದುಕೊಂಡು ನಾಗರತ್ನ ಅವರತ್ತ ತಿರುಗಿದರು. "ನಿನಗೆ ಹೇಳ್ದಂಗೆ ಒಂದು ಕೆಲಸ ಮಾಡಿದ್ದೆ ಕಣಮ್ಮ. ನೀನು ಬಸ್ಸಿಗೆ ಹೋದಾಗ ವೆಲ್ಡಿಂಗ್ ಅಂಗಡಿಯೋನ್ನ ಕರೆಸಿದ್ದೆ. ಹೊಸ ಕಾರು, ಹೊಟ್ಟೆ ತಗ್ಗಾಗೈತೆ ಅಂತ ನೀನು ಸಪ್ಪಗಿದ್ಯಲ್ಲ. ಜಾಕ್ ಕೊಟ್ಟು ಎತ್ತಿ, ಟ್ರೈಲರ್ ತಗಡು ಬಡಿದಂಗೆ ಸುತ್ತಿಗೇಲಿ ಬಡಿಸಿ ನೆಟ್ಟಗೆ ಮಾಡಿಸ್ದೆ. ಬ್ಯಾಟರಿ ಅಲ್ಲೇ ಐತೆ ಅಂತ ನನಗೇನು ಗೊತ್ತು? ವೈರು ಗೀರು ಅಲ್ಲಾಡಿ ದೀಪಾನೂ ಹೋಯ್ತು. ಸರಿಹೋತು ಅಂತ ಖುಷಿಪಟ್ಟೆ. ಹೊಗೆ ನೋಡಿದ್ ತಕ್ಷಣ ತಿಳೀತು, ಇದು ಆ ಸುತ್ತಿಗೆದೇ."

ನಾಗರತ್ನ ಮುಖ ಮುಚ್ಚಿಕೊಂಡು ಗಳಗಳ ಅತ್ತರು. ಆಮೇಲೆ ಅವರಿಗೆ ಸಿಟ್ಟೇ ಬಂತು. "ಅದಕ್ಕಂತ ಸಾಯಾಕೆ ಹೋಗಾದಾ ಭಾವ? ಇಳಿದು ಬಂದು ಹೇಳಿದ್ರೆ ಆಗ್ತಿರಲಿಲ್ವಾ?"

"ಕೇರಿ ಸುಟ್ಟು ಹೋದ್ಮ್ಯಾಲೆ ನಾನು ಹೇಳಿದ್ರೂ ಯಾರು ಕೇಳ್ತಿದ್ರು? ನಿನ್ನ ಕಾರು ಅಂತ್ಲೇ ಅಂತಿದ್ರು. ಸಾಯೋಗಂಟ ಅಂತಿದ್ರು." ಬಹಳ ಹೊತ್ತು ಕೆಮ್ಮಿದರು. "ಅದು ನನ್ನ ಕೈಲಿ ನೋಡಾಕಾಗ್ತಿರಲಿಲ್ಲ."

ಓಂಕಾರಪ್ಪ ಉಳಿದರು. ಕೆಮ್ಮು ಇನ್ನೂ ಪೂರ್ತಿ ಬಿಟ್ಟಿಲ್ಲ. ನಾಗರತ್ನ ಮತ್ತೊಂದು ಎಲೆಕ್ಟ್ರಿಕ್ ಕಾರು ತಂದಿದ್ದಾರೆ. ತರಲೇಬೇಕೆಂದು ಹಟ ಹಿಡಿದದ್ದು ಭಾವನೇ. ನನ್ನನ್ನು ಕೇಳುವವರಿಗೆ ನಾನು ಹೆದರಿಸುವುದಿಲ್ಲ. ನನ್ನ ಸೇವೆಯಲ್ಲಿ ಉರಿದ ಪೆಟ್ರೋಲ್ ಡೀಸೆಲ್ ಗಾಡಿಗಳ ಲೆಕ್ಕ ನನಗೇ ನೆನಪಿಲ್ಲ, ಈ ಥರದ್ದು ಇದೊಂದೇ. ತಳಕ್ಕೆ ಪೆಟ್ಟು ಬಿದ್ದರೆ ಮುಟ್ಟಬೇಡಿ, ಬಡಿಯಬೇಡಿ, ಚಾರ್ಜಿಗೆ ಹಾಕಬೇಡಿ. ಗೊತ್ತಿದ್ದವರು ನೋಡುವ ತನಕ ಬಯಲಲ್ಲಿ ನಿಲ್ಲಿಸಿ. ಅಷ್ಟು ಮರ್ಯಾದೆ ಕೊಟ್ಟರೆ ಅದು ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ.

ಆದರೆ ವೃತ್ತಿ ನನಗೆ ಕಲಿಸಿದ್ದು ಬ್ಯಾಟರಿಯ ವಿಚಾರವಲ್ಲ. ಬೆಂಕಿಯೊಳಗೆ ಯಾರಾದರೂ ಉಳಿದಿದ್ದರೆ ನಾವು 'ಸಿಕ್ಕಿಬಿದ್ದವರು' ಎಂದು ಕರೆಯುತ್ತೇವೆ. ಎಷ್ಟೋ ಸಲ ಹಾಗೇ ಕರೆದು, ಎಳೆದು ಹೊರಗೆ ಹಾಕಿ, ಮುಂದಿನ ಕೆಲಸ ನೋಡಿದ್ದೇನೆ. ಆ ಆಸ್ಪತ್ರೆಯ ಮಂಚದ ಪಕ್ಕ ಕೂತ ಮೇಲೆ ಆ ಪದ ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ನಿವೃತ್ತಿಯ ಮೇಲೂ ಠಾಣೆಯ ಕಡೆ ಹೋದಾಗ ಹೊಸ ಹುಡುಗರಿಗೆ ಒಂದೇ ಮಾತು ಹೇಳುತ್ತೇನೆ: ಓಡಿಹೋಗಲು ದಾರಿಯಿದ್ದೂ ಒಬ್ಬ ಒಳಗೆ ಉಳಿದಿದ್ದರೆ, ಅವನು ಯಾರಿಗಾಗಿ ನಿಂತಿದ್ದಾನೆ ಎಂದು ಮೊದಲು ಮನಸ್ಸಿನಲ್ಲೇ ಕೇಳಿಕೊಳ್ಳಿ. ಆಮೇಲೆ ಅವನನ್ನು ಹೆಗಲ ಮೇಲೆ ಹೊರುವಾಗ ನಿಮ್ಮ ಕೈ ಬೇರೆ ಥರ ಹಿಡಿಯುತ್ತದೆ.